ಪ್ಯಾರಿಷ್ ಶಬ್ದದ ಅರ್ಥವೂ ನೆರೆಯ ಧರ್ಮಕೇಂದ್ರಗಳ ಸಂಯೋಜನೆಯೂ

ರೋಮನ್ ಕಥೋಲಿಕ ಧರ್ಮಸಭೆಯ ಆಡಳಿತದಲ್ಲಿ ಎಲ್ಲಕ್ಕಿಂತ ಕೆಳಗಿನದಾದರೂ ಜನರಿಗೆ ಎಲ್ಲಕ್ಕಿಂತ ಹತ್ತಿರವಾದ ಅಂಗಕ್ಕೆ ಇಂಗ್ಲಿಷಿನಲ್ಲಿ ಪ್ಯಾರಿಷ್ ಎಂದು ಹೆಸರು. ಕನ್ನಡ ಕಥೋಲಿಕರು ಇದನ್ನು ಧರ್ಮಕೇಂದ್ರವೆಂದು ಕರೆಯುತ್ತಾರೆ. ಇಂತಹ ಹಲವು ಧರ್ಮಕೇಂದ್ರಗಳನ್ನೊಳಗೊಂಡು ಬಿಷಪ್ಪನೆಂಬ ಧರ್ಮಾಧ್ಯಕ್ಷನ ಅಧೀನದಲ್ಲಿರುವ ಸೀಮೆಗೆ ಬೆಂಗಳೂರಿನ ಕಡೆ ಧರ್ಮಕ್ಷೇತ್ರವೆಂದೂ ಮಂಗಳೂರಿನ ಕಡೆ ಧರ್ಮಪ್ರಾಂತ್ಯವೆಂದೂ ಹೇಳುವ ವಾಡಿಕೆಯುಂಟು. ಪರಿಭಾಷೆ ಇಷ್ಟು ಸಿದ್ಧವಾಗಿರುವುದರಿಂದ ಪ್ರಕೃತ ವಿಷಯವನ್ನು ಕನ್ನಡದಲ್ಲಿ ನಿರೂಪಿಸುವುದು ಕಷ್ಟವಲ್ಲ.

ಪ್ಯಾರಿಷ್ ಶಬ್ದದ ಮೂಲ ಗ್ರೀಕ್ ಭಾಷೆಯ ಪರೊಯ್ಕಿಯ ಎಂಬುದು. ಪರ ಎಂದರೆ ಪಕ್ಕದಲ್ಲಿ. ಒಯ್ಕೊಸ್ ಎಂದರೆ ಮನೆ. ಈ ಒಯ್ಕೊಸ್ ಶಬ್ದವೂ, ಸಂಸ್ಕೃತದ ವಿಶ್, ವೇಶ ಎಂಬ ಶಬ್ದಗಳೂ, ಲ್ಯಾಟಿನ್ನಿನಲ್ಲಿ ಊರುಕೇರಿಗಳನ್ನು ಹೇಳುವ ವೀಕುಸ್ ಶಬ್ದವೂ ಒಂದೇ ಮೂಲದಿಂದ ಹುಟ್ಟಿದವೆಂಬುದು ಭಾಷಾಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ. ನೆರೆಯಲ್ಲಿ ವಾಸಿಸುವುದು, ಪರಸ್ಥಳದಲ್ಲಿ ತಂಗಿರುವುದು ಎಂಬ ಎರಡು ಅರ್ಥಗಳೂ ಪರೊಯ್ಕಿಯದಲ್ಲಿ ಅಡಗಿವೆ. ಈ ಲೋಕದಲ್ಲಿ ತಾವು ತಂಗುವವರೇ ಹೊರತು ಬೇರೂರಿದವರಲ್ಲವೆಂಬ ಭಾವನೆಯಿದ್ದ ಆದಿಕಾಲದ ಕ್ರೈಸ್ತರಿಗೆ ತಮ್ಮ ಗುಂಪನ್ನು ಹೇಳಲು ಈ ಮಾತು ಒಪ್ಪಿತು. ಧರ್ಮಕೇಂದ್ರವೆಂಬ ಕನ್ನಡ ಮಾತಿನ ಉತ್ತರಪದವೂ ಗ್ರೀಕರದೇ: ಅವರ ಕೆಂಟ್ರಾನ್ ಶಬ್ದ ಜ್ಯೋತಿಷದ ಮೂಲಕ ಸಂಸ್ಕೃತಕ್ಕೆ ಬಂದು ಕೇಂದ್ರವಾಯಿತು. ಆದರೆ ಒಂದು ಶಬ್ದ ಜನರನ್ನು ಹೇಳುತ್ತದೆ, ಮತ್ತೊಂದು ಸ್ಥಾನವನ್ನು ಹೇಳುತ್ತದೆ. ಪ್ಯಾರಿಷ್ ಎಂದರೆ ಒಂದೆಡೆ ಕೂಡಿ ಬಾಳುವ ಜನವೋ, ಅವರು ಬಂದು ಸೇರುವ ಕಟ್ಟಡವೋ, ಆ ಕಟ್ಟಡದಲ್ಲಿ ಪೂಜೆ ಮಾಡುವ ಗುರುವೋ ಎಂಬ ಈ ಪ್ರಶ್ನೆ ನಿಘಂಟುಕಾರರ ವಿನೋದಮಾತ್ರವಾಗಿ ಉಳಿಯಲಿಲ್ಲ. ಕಳೆದ ಕೆಲವು ದಶಕಗಳಲ್ಲಿ ಅನೇಕ ಊರುಗಳ ಜನ ಇದಕ್ಕಾಗಿ ನ್ಯಾಯಾಸ್ಥಾನಗಳ ಬಾಗಿಲು ತಟ್ಟಿದ್ದಾರೆ.

ಯೂರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಯಾಜಕರಾಗುವವರ ಸಂಖ್ಯೆ ಇಳಿಯುತ್ತ ಬಂದುದೇ ಇದರ ಮುಖ್ಯ ಕಾರಣ. ಭಾನುವಾರದ ಬಲಿಪೂಜೆಗೆ ಬರುವವರೂ ಕಡಮೆಯಾದರು. ನಗರದ ಹಳೆಯ ಕೇರಿಗಳನ್ನು ಬಿಟ್ಟು ಜನ ಹೊರವಲಯಗಳಿಗೆ ಹೋದರು. ಅಮೆರಿಕದಲ್ಲಿ ಇನ್ನೊಂದು ವಿಶೇಷವುಂಟು. ಅಲ್ಲಿಗೆ ವಲಸೆ ಹೋದ ಇಟಲಿಯವರು, ಪೋಲಿಷರು, ಹಂಗೇರಿಯವರು ತಂತಮ್ಮ ಭಾಷೆಯಲ್ಲಿ ಪ್ರಾರ್ಥಿಸಲೆಂದು ತಂತಮ್ಮ ದೇವಾಲಯಗಳನ್ನು ಕಟ್ಟಿಕೊಂಡುದರಿಂದ ನಾಲ್ಕಾರು ಬೀದಿಗಳ ಅಂತರದಲ್ಲಿಯೇ ಮೂರುನಾಲ್ಕು ಧರ್ಮಕೇಂದ್ರಗಳು ಹುಟ್ಟಿಕೊಂಡವು. ಮೊಮ್ಮಕ್ಕಳ ಕಾಲಕ್ಕೆ ಅಷ್ಟು ದೇವಾಲಯಗಳನ್ನು ಸಾಕಲು ಜನವೂ ಇಲ್ಲ, ಗುರುಗಳೂ ಇಲ್ಲ, ಹಣವೂ ಇಲ್ಲವೆಂಬ ಸ್ಥಿತಿ ಬಂದಿತು. ಆಗ ನೆರೆಯ ಧರ್ಮಕೇಂದ್ರಗಳನ್ನು ಹೇಗೆ ಕೂಡಿಸಬೇಕೆಂಬ ಯೋಜನೆಗಳು ಹೊರಟವು.

ಶಾಸ್ತ್ರ ಏನು ಹೇಳುತ್ತದೆಯೆಂಬುದನ್ನು ಮೊದಲು ನೋಡತಕ್ಕದ್ದು. ೧೯೧೭ರ ಶಾಸನಸಂಹಿತೆ ತನ್ನ ೨೧೬ನೆಯ ವಿಧಿಯಲ್ಲಿ ಧರ್ಮಕ್ಷೇತ್ರದ ಭೂಮಿಯನ್ನು ಭಾಗಗಳಾಗಿ ಹಂಚಿ, ಒಂದೊಂದು ಭಾಗಕ್ಕೂ ಒಂದು ದೇವಾಲಯವನ್ನೂ ನಿಶ್ಚಿತವಾದ ಜನರನ್ನೂ ಒಬ್ಬ ಗುರುವನ್ನೂ ಗೊತ್ತುಮಾಡಬೇಕೆಂದಿತು. ಅಲ್ಲಿ ಭೂಮಿಗೆ ಪ್ರಾಧಾನ್ಯ. ೧೯೮೩ರ ಸಂಹಿತೆಯ ೫೧೫ನೆಯ ವಿಧಿ ಈ ಕ್ರಮವನ್ನು ತಿರುಗಿಸಿತು. ಅದರ ಪ್ರಕಾರ ಪ್ಯಾರಿಷ್ ಎಂದರೆ ಸ್ಥಿರವಾಗಿ ಏರ್ಪಟ್ಟ ಭಕ್ತರ ಒಂದು ನಿಶ್ಚಿತ ಸಮುದಾಯ. ಸೀಮೆ ಆ ಸಮುದಾಯವನ್ನು ಗುರುತಿಸುವ ಸಾಮಾನ್ಯೋಪಾಯ ಮಾತ್ರ. ೫೧೮ನೆಯ ವಿಧಿಯಂತೆ ಭಾಷೆಯಿಂದಲೂ ಜನಾಂಗದಿಂದಲೂ ಗುರುತಿಸಬಹುದು. ಪರೊಯ್ಕಿಯದ ಹಳೆಯ ಅರ್ಥ ಹೀಗೆ ಶಾಸನದೊಳಕ್ಕೆ ಹಿಂದಿರುಗಿತು. ಧರ್ಮಕೇಂದ್ರವನ್ನು ಸ್ಥಾಪಿಸುವ, ರದ್ದುಮಾಡುವ, ಮಾರ್ಪಡಿಸುವ ಅಧಿಕಾರ ಧರ್ಮಾಧ್ಯಕ್ಷನೊಬ್ಬನದೇ. ಆದರೆ ಯಾಜಕರ ಸಮಿತಿಯ ಅಭಿಪ್ರಾಯವನ್ನು ಕೇಳದೆ ಅವನು ಅದನ್ನು ಚಲಾಯಿಸುವಂತಿಲ್ಲ.

ಇದರಿಂದ ಫಲಿಸುವುದೇನೆಂದರೆ, ಗುರುವನ್ನು ಹಂಚಿಕೊಳ್ಳುವುದು ಒಂದು, ಸಮುದಾಯಗಳನ್ನು ಒಂದುಗೂಡಿಸುವುದು ಮತ್ತೊಂದು, ದೇವಾಲಯವನ್ನು ಮುಚ್ಚುವುದು ಇನ್ನೊಂದು. ಒಂದಾದ ಮಾತ್ರಕ್ಕೆ ಇನ್ನೊಂದು ತಾನಾಗಿ ಆಗತಕ್ಕದ್ದಲ್ಲ. ಯೋಜನೆಗಳು ಕೆಟ್ಟಲ್ಲೆಲ್ಲ ಈ ಮೂರನ್ನು ಬೆರಸಿದುದೇ ಮುಖ್ಯ ದೋಷವಾಗಿ ಕಾಣುತ್ತದೆ.

ಗುರುವನ್ನು ಹಂಚಿಕೊಳ್ಳುವುದಕ್ಕೆ ಸಂಹಿತೆಯಲ್ಲಿ ಮೂರು ದಾರಿಗಳಿವೆ. ಒಬ್ಬ ಗುರುವಿಗೆ ಒಂದೇ ಧರ್ಮಕೇಂದ್ರವೆಂಬುದು ಉತ್ಸರ್ಗ. ಯಾಜಕರ ಕೊರತೆಯಿದ್ದಲ್ಲಿ ನೆರೆಯ ಹಲವನ್ನು ಒಬ್ಬನಿಗೇ ಒಪ್ಪಿಸಬಹುದೆಂದು ೫೨೬ನೆಯ ವಿಧಿಯಲ್ಲಿ ಅಪವಾದ. ೫೧೭ನೆಯ ವಿಧಿಯ ಮೊದಲ ಭಾಗದಂತೆ ಹಲವರು ಯಾಜಕರು ಕೂಡಿ ಒಂದು ಅಥವಾ ಹಲವು ಧರ್ಮಕೇಂದ್ರಗಳ ಹೊಣೆಯನ್ನು ಅವಿಭಕ್ತವಾಗಿ ಹೊರಬಹುದು. ಅವರಲ್ಲೊಬ್ಬ ಮುಖ್ಯಸ್ಥನಾಗಿ ಧರ್ಮಾಧ್ಯಕ್ಷನಿಗೆ ಉತ್ತರ ಹೇಳುತ್ತಾನೆ. ಅದೇ ವಿಧಿಯ ಎರಡನೆಯ ಭಾಗದಂತೆ ಡೀಕನ್ ಎಂಬ ಸೇವಾಧಿಕಾರಿಗಾಗಲಿ ಯಾಜಕರಲ್ಲದ ಭಕ್ತರಿಗಾಗಲಿ ಪಾಲನೆಯಲ್ಲಿ ಪಾಲು ಕೊಟ್ಟು, ಮೇಲೆ ಒಬ್ಬ ಯಾಜಕನನ್ನು ನಿಯಮಿಸಬಹುದು. ಈ ಮೂರರಲ್ಲಿಯೂ ಸಮುದಾಯಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ.

ಮೀಮಾಂಸೆಯನ್ನು ಓದಿದವರಿಗೆ ಇಲ್ಲಿ ಪರಿಚಿತವಾದ ನ್ಯಾಯವೊಂದು ಹೊಳೆಯದಿರದು. ಜೈಮಿನಿಸೂತ್ರಗಳ ಹನ್ನೊಂದನೆಯ ಅಧ್ಯಾಯದಲ್ಲಿ ತಂತ್ರ ಮತ್ತು ಆವಾಪಗಳ ವಿಚಾರ ಬರುತ್ತದೆ. ಒಂದೇ ಸಾರಿ ಮಾಡಿದುದು ಅನೇಕಕ್ಕೆ ಉಪಕಾರಕವಾದರೆ ಅದು ತಂತ್ರ; ಒಂದೊಂದಕ್ಕೂ ಬೇರೆಯಾಗಿ ಮಾಡಬೇಕಾದುದು ಆವಾಪ. ಹಲವರು ಬ್ರಾಹ್ಮಣರ ನಡುವೆ ಹಚ್ಚಿದ ದೀಪವನ್ನು ತಂತ್ರಕ್ಕೂ, ಅವರಿಗೇ ಗಂಧವನ್ನು ಲೇಪಿಸುವುದನ್ನು ಆವಾಪಕ್ಕೂ ಶಬರಸ್ವಾಮಿಯು ದೃಷ್ಟಾಂತವಾಗಿ ಕೊಟ್ಟಿದ್ದಾನೆ. ದೀಪ ಒಂದಿದ್ದರೆ ಸಾಕು. ಒಬ್ಬನ ಹಣೆಗೆ ಹಚ್ಚಿದ ಗಂಧ ಮತ್ತೊಬ್ಬನಿಗೆ ಸಲ್ಲದು. ರೋಮಿನ ಸಂಹಿತೆಯೂ ತನ್ನದೇ ರೀತಿಯಲ್ಲಿ ಈ ವಿಭಾಗವನ್ನು ಮಾಡಿಟ್ಟಿದೆ. ತನ್ನ ಜನರಿಗಾಗಿ ಭಾನುವಾರಗಳಲ್ಲಿಯೂ ವಿಧಿಸಿದ ಹಬ್ಬಗಳಲ್ಲಿಯೂ ಗುರುವು ಒಂದು ಬಲಿಪೂಜೆಯನ್ನು ಅರ್ಪಿಸತಕ್ಕದ್ದು. ಹಲವು ಧರ್ಮಕೇಂದ್ರಗಳ ಹೊಣೆ ಹೊತ್ತವನು ಎಲ್ಲರಿಗೂ ಸೇರಿಸಿ ಒಂದನ್ನು ಅರ್ಪಿಸಿದರೆ ಸಾಕೆಂದು ೫೩೪ನೆಯ ವಿಧಿ. ಇದು ದೀಪ. ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆಪುಸ್ತಕಗಳು ಒಂದೊಂದು ಧರ್ಮಕೇಂದ್ರಕ್ಕೂ ಬೇರೆ ಇರಬೇಕೆಂದು ೫೩೫ನೆಯದು. ಒಂದೊಂದಕ್ಕೂ ತನ್ನದೇ ಅರ್ಥಸಮಿತಿ ಇರಬೇಕೆಂದು ೫೩೭ನೆಯದು. ಇವು ಗಂಧ. ನೆರೆಯವರು ಕೂಡಿ ನಡೆಯಬೇಕಾದಲ್ಲಿ ಯಾವುದು ತಂತ್ರ, ಯಾವುದು ಆವಾಪ ಎಂಬ ನಿರ್ಣಯವೇ ಇಡೀ ಯೋಜನೆಯ ಜೀವಾಳ.

ಈ ನಿರ್ಣಯ ಮೊದಲು ತಪ್ಪಿ ಆಮೇಲೆ ಸರಿದಾರಿಗೆ ಬಂದುದಕ್ಕೆ ಅಮೆರಿಕದ ಬಾಸ್ಟನ್ ಮಹಾಧರ್ಮಕ್ಷೇತ್ರ ಒಳ್ಳೆಯ ನಿದರ್ಶನ. ೨೦೦೪ರ ಆರಂಭದಲ್ಲಿ ಅಲ್ಲಿ ೩೫೭ ಧರ್ಮಕೇಂದ್ರಗಳಿದ್ದವು. ನೆರೆಹೊರೆಯವನ್ನು ಗುಂಪುಗಳಾಗಿ ವಿಂಗಡಿಸಿ, ತಮ್ಮಲ್ಲಿ ಯಾವುದನ್ನು ಮುಚ್ಚಬಹುದೆಂದು ಆ ಗುಂಪುಗಳನ್ನೇ ಕೇಳಲಾಯಿತು. ಕೂಡಿ ಬಾಳಬೇಕಾದವರನ್ನು ಒಂದೆಡೆ ಕೂರಿಸಿ, ನಿಮ್ಮಲ್ಲಿ ಯಾರು ಹೋಗಬೇಕು ಹೇಳಿರೆಂದಂತಾಯಿತು. ಜನರ ಅಭಿಪ್ರಾಯವನ್ನು ಕೇಳುವ ರೀತಿಗಳಲ್ಲಿ ಇದಕ್ಕಿಂತ ಕಠಿನವಾದುದನ್ನು ಊಹಿಸುವುದು ಕಷ್ಟ. ಆ ವರ್ಷದ ಮೇ ತಿಂಗಳಲ್ಲಿ ಮಹಾಧರ್ಮಾಧ್ಯಕ್ಷ ಷಾನ್ ಓಮ್ಯಾಲಿಯವರು ೬೫ ಧರ್ಮಕೇಂದ್ರಗಳನ್ನು ಮುಚ್ಚುವುದಾಗಿ ಪ್ರಕಟಿಸಿದರು. ಯಾಜಕರು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯಗಳು ೨೦೦೨ರಲ್ಲಿ ಬಯಲಾಗಿ, ೨೦೦೩ರಲ್ಲಿ ೮೫ ದಶಲಕ್ಷ ಡಾಲರುಗಳ ಪರಿಹಾರ ಗೊತ್ತಾಗಿದ್ದ ಸಮಯವದು. ಆ ಹಣಕ್ಕೂ ಈ ಮುಚ್ಚುವಿಕೆಗೂ ಸಂಬಂಧವಿಲ್ಲವೆಂದು ಆಡಳಿತ ಹೇಳಿದರೂ ಅನೇಕರು ನಂಬಲಿಲ್ಲ. ಕೆಲವು ದೇವಾಲಯಗಳಲ್ಲಿ ಭಕ್ತರು ಒಳಗೇ ಕುಳಿತು ಸರದಿಯ ಮೇಲೆ ಹಗಲಿರುಳು ಕಾವಲಿದ್ದರು. ಸಿಚುಯೇಟ್ ಎಂಬ ಕಡಲತೀರದ ಊರಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಕಬ್ರಿನಿಯ ದೇವಾಲಯದ ಜನ ೨೦೦೪ರ ಅಕ್ಟೋಬರಿನಿಂದ ೨೦೧೬ರ ಮೇ ತಿಂಗಳವರೆಗೆ ಹನ್ನೊಂದು ವರ್ಷಗಳಿಗೂ ಮಿಕ್ಕಿ ಹೀಗೆ ಕಾದರು. ರೋಮಿನ ನ್ಯಾಯಪೀಠದಲ್ಲಿಯೂ ಅಮೆರಿಕದ ನ್ಯಾಯಾಲಯಗಳಲ್ಲಿಯೂ ಸೋತ ಮೇಲೆಯೇ ಅವರು ಹೊರಕ್ಕೆ ಬಂದದ್ದು.

ಈ ಕಲಹದ ನಡುವೆ ಆಸ್ತಿಯ ಪ್ರಶ್ನೆಯೂ ಎದ್ದಿತು. ಶಾಸನದೃಷ್ಟಿಯಿಂದ ಧರ್ಮಕೇಂದ್ರವೂ ಒಬ್ಬ ವ್ಯಕ್ತಿಯಂತೆ ಸ್ವತ್ತುಳ್ಳದ್ದು. ಅದು ನಿರ್ನಾಮವಾದರೆ ಸ್ವತ್ತು ಮೇಲಿನ ಅಧಿಕಾರಕ್ಕೆ ಸೇರುತ್ತದೆಂದು ೧೨೩ನೆಯ ವಿಧಿ. ಮತ್ತೊಂದರೊಡನೆ ಕೂಡಿದರೆ ಸ್ವತ್ತೂ ಋಣವೂ ಕೂಡಿದ ಸಂಸ್ಥೆಗೆ ಹೋಗುತ್ತವೆಂದು ೧೨೧ನೆಯದು. ೨೦೦೬ರಲ್ಲಿ ರೋಮಿನ ಯಾಜಕವಿಭಾಗದಿಂದ ಅಮೆರಿಕದ ಧರ್ಮಾಧ್ಯಕ್ಷರಿಗೆ ಬಂದ ಪತ್ರ ಈ ಸಂಶಯವನ್ನು ಪರಿಹರಿಸಿತು. ಆ ಸೀಮೆಯಲ್ಲಿ ಭಕ್ತರು ಬಾಳುತ್ತಿರುವವರೆಗೆ ಧರ್ಮಕೇಂದ್ರ ನಿರ್ನಾಮವಾಯಿತೆಂದು ಹೇಳುವುದು ಕಷ್ಟ; ರದ್ದತಿಯೆಂದು ಕರೆಯುವುದು ಬಹುಮಟ್ಟಿಗೆ ಸೇರ್ಪಡೆಯೇ; ಆದಕಾರಣ ಜನ ಹೋದಲ್ಲಿಗೆ ಸ್ವತ್ತೂ ಹೋಗತಕ್ಕದ್ದು. ಸಮುದಾಯವೇ ಪ್ಯಾರಿಷ್ ಎಂಬ ಅರ್ಥವನ್ನು ಒಪ್ಪಿದ ಮೇಲೆ ಬೇರೆ ಸಿದ್ಧಾಂತಕ್ಕೆ ಎಡೆಯೆಲ್ಲಿದೆ?

ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡಿನಲ್ಲಿ ಜನರ ಮನವಿ ಗೆದ್ದಿತು. ಅಲ್ಲಿ ಧರ್ಮಾಧ್ಯಕ್ಷ ರಿಚರ್ಡ್ ಲೆನನ್ ಅವರು ೨೦೦೯-೧೦ರಲ್ಲಿ ೫೦ ಧರ್ಮಕೇಂದ್ರಗಳನ್ನು ಕಡಮೆಮಾಡಿದರು. ಪೋಲಿಷರ ಸಂತ ಕ್ಯಾಸಿಮಿರ್ ದೇವಾಲಯದ ಭಕ್ತರು ಪ್ರತಿ ಭಾನುವಾರವೂ ಬೀಗ ಹಾಕಿದ ಬಾಗಿಲ ಹೊರಗೆ, ಹಿಮ ಬೀಳುವಾಗಲೂ, ನಿಂತು ಪ್ರಾರ್ಥಿಸಿದರು. ಶಾಸನದಂತೆ ಮೇಲ್ಮನವಿಯ ಅವಧಿ ಬಹಳ ಕಿರಿದು: ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕೆಂದು ಕೇಳಲು ಹತ್ತು ದಿನ, ಆಮೇಲೆ ರೋಮಿಗೆ ಬರೆಯಲು ಹದಿನೈದು ದಿನ. ಈ ಗಡುವುಗಳನ್ನು ಪಾಲಿಸಿದ ೧೩ ಧರ್ಮಕೇಂದ್ರಗಳ ವಿಷಯದಲ್ಲಿ ಧರ್ಮಾಧ್ಯಕ್ಷರು ವಿಧಿಯನ್ನೂ ಕ್ರಮವನ್ನೂ ಅನುಸರಿಸಲಿಲ್ಲವೆಂದು ೨೦೧೨ರ ಮಾರ್ಚಿಯಲ್ಲಿ ರೋಮು ತೀರ್ಮಾನಿಸಿತು. ಕ್ಯಾಸಿಮಿರ್ ದೇವಾಲಯ ಅದೇ ಜುಲೈಯಲ್ಲಿ ತೆರೆಯಿತು. ಹಂಗೇರಿಯವರ ಸಂತ ಎಮೆರಿಕ್ ದೇವಾಲಯವೂ ಆ ವರ್ಷವೇ ತೆರೆಯಿತು. ಒಂದು ಭಾಷೆಯನ್ನಾಡುವ ಸಣ್ಣ ಸಮುದಾಯಕ್ಕೆ ಆ ಭಾಷೆಯಲ್ಲಿ ಪ್ರಾರ್ಥಿಸಲು ಊರಿನಲ್ಲಿ ಉಳಿದಿದ್ದ ಸ್ಥಳ ಮರಳಿ ದೊರೆಯಿತೆಂಬುದನ್ನು ಸಾಹಿತ್ಯಾಧ್ಯಾಪಕರು ವಿಶೇಷವಾಗಿ ಗಮನಿಸಬಹುದು. ೨೦೧೩ರ ಏಪ್ರಿಲ್ ೩೦ರಂದು ಯಾಜಕವಿಭಾಗ ಹೊರಡಿಸಿದ ಕಾರ್ಯಕ್ರಮಸೂಚಿಯು ಧರ್ಮಕೇಂದ್ರದ ಮಾರ್ಪಾಟು, ದೇವಾಲಯವನ್ನು ಲೌಕಿಕೋಪಯೋಗಕ್ಕೆ ಬಿಡುವುದು, ಸ್ವತ್ತಿನ ವಿಕ್ರಯ ಇವು ಮೂರಕ್ಕೂ ಬೇರೆಬೇರೆ ಕಾರಣಗಳನ್ನೂ ಬೇರೆಬೇರೆ ವಿಚಾರಣೆಯನ್ನೂ ವಿಧಿಸಿತು.

ಬಾಸ್ಟನ್ನಿನವರು ೨೦೧೨ರ ನವೆಂಬರಿನಲ್ಲಿ ಒಪ್ಪಿದ ಎರಡನೆಯ ಯೋಜನೆ ಮೊದಲನೆಯದಕ್ಕಿಂತ ತೀರ ಬೇರೆ. ಆಗ ಉಳಿದಿದ್ದ ೨೮೮ ಧರ್ಮಕೇಂದ್ರಗಳನ್ನು ಸುಮಾರು ೧೩೫ ಸಂಯುಕ್ತಗಳಾಗಿ ಹಂತಹಂತವಾಗಿ ಜೋಡಿಸುವುದೆಂದೂ, ಒಂದೊಂದು ಸಂಯುಕ್ತಕ್ಕೆ ಒಬ್ಬ ಗುರು ಮತ್ತು ಅವನೊಡನೆ ದುಡಿಯುವ ಒಂದು ತಂಡವೆಂದೂ ಗೊತ್ತಾಯಿತು. ಆದರೆ ಯಾವ ಧರ್ಮಕೇಂದ್ರವೂ ಆ ಆಜ್ಞೆಯಿಂದ ರದ್ದಾಗಲಿಲ್ಲ. ಹೆಸರೂ ಸ್ವತ್ತೂ ಆಯಾ ಸಮುದಾಯದಲ್ಲಿಯೇ ನಿಂತವು. ದೀಪವನ್ನು ಹಂಚಿಕೊಂಡು ಗಂಧವನ್ನು ಬೇರೆಯಿಟ್ಟರು. ಕೆಲವು ಸಂಯುಕ್ತಗಳಲ್ಲಿ ಕೆಲವು ವರ್ಷ ಕೂಡಿ ನಡೆದ ಸಮುದಾಯಗಳು ಆಮೇಲೆ ಸೇರಿ ಒಂದೇ ಧರ್ಮಕೇಂದ್ರವಾದುದೂ ಉಂಟು. ಪ್ರಾಸಂಗಿಕವಾಗಿ ಹೇಳುವುದಾದರೆ, ಅದೇ ೨೦೧೨ರಲ್ಲಿ ಕನ್ನಡನಾಡಿನ ಕರಾವಳಿಯಲ್ಲಿ ಇದಕ್ಕೆ ವಿರುದ್ಧವಾದ ಕಾರ್ಯ ನಡೆಯಿತು: ಮಂಗಳೂರು ಧರ್ಮಪ್ರಾಂತ್ಯವನ್ನು ವಿಭಾಗಿಸಿ ಉಡುಪಿಯನ್ನು ಬೇರೆ ಧರ್ಮಪ್ರಾಂತ್ಯವಾಗಿ ಸ್ಥಾಪಿಸಿದರು.

ಜರ್ಮನಿಯ ಟ್ರಿಯರ್ ಧರ್ಮಕ್ಷೇತ್ರದವರು ೮೮೭ ಧರ್ಮಕೇಂದ್ರಗಳನ್ನು ೩೫ಕ್ಕೆ ಇಳಿಸಲು ಹೊರಟು, ೨೦೧೯ರ ನವೆಂಬರಿನಲ್ಲಿ ರೋಮಿನಿಂದ ತಡೆ ಬಂದು ನಿಲ್ಲಿಸಬೇಕಾಯಿತು. ೨೦೨೦ರ ಜುಲೈಯಲ್ಲಿ ಪ್ರಕಟವಾದ ರೋಮಿನ ಸೂಚನಾಗ್ರಂಥ ಯಾಜಕರ ಕೊರತೆಯಾಗಲಿ ಧರ್ಮಕ್ಷೇತ್ರದ ಸಾಮಾನ್ಯ ಹಣಕಾಸಿನ ಸ್ಥಿತಿಯಾಗಲಿ ಧರ್ಮಕೇಂದ್ರವನ್ನು ರದ್ದುಮಾಡಲು ತಕ್ಕ ಕಾರಣವಲ್ಲವೆಂದೂ, ಆಯಾ ಧರ್ಮಕೇಂದ್ರಕ್ಕೇ ಸಂಬಂಧಿಸಿದ ಕಾರಣವನ್ನು ತೋರಿಸತಕ್ಕದ್ದೆಂದೂ ಸ್ಪಷ್ಟಪಡಿಸಿತು.

ಹೀಗೆ ಸಮುದಾಯ ಉಳಿಯಿತು. ಗುರುವಿನ ಭಾನುವಾರ ಮಾತ್ರ ಹಿಗ್ಗಲಿಲ್ಲ. ಯಾಜಕನು ದಿನಕ್ಕೆ ಒಂದೇ ಬಲಿಪೂಜೆ ಮಾಡಬೇಕೆಂಬುದು ೯೦೫ನೆಯ ವಿಧಿಯ ಸಾಮಾನ್ಯ ನಿಯಮ. ಕೊರತೆಯಿದ್ದಲ್ಲಿ ಧರ್ಮಾಧ್ಯಕ್ಷನು ಎರಡಕ್ಕೂ, ಪಾಲನೆಯ ಅಗತ್ಯ ಬಿದ್ದರೆ ಭಾನುವಾರ ಹಬ್ಬಗಳಲ್ಲಿ ಮೂರಕ್ಕೂ ಅನುಮತಿ ಕೊಡಬಹುದು. ನಾಲ್ಕು ದೇವಾಲಯಗಳ ಸಂಯುಕ್ತಕ್ಕೆ ಒಬ್ಬನೇ ಯಾಜಕನಿದ್ದಲ್ಲಿ ಶನಿವಾರ ಸಂಜೆಯ ಪೂಜೆಯನ್ನು ಭಾನುವಾರದ್ದಾಗಿ ಎಣಿಸಿಯೇ ಲೆಕ್ಕವನ್ನು ಸರಿಹೊಂದಿಸಬೇಕು. ಯಾವ ದೇವಾಲಯಕ್ಕೆ ಶನಿವಾರ ಸಂಜೆ, ಯಾವುದಕ್ಕೆ ಭಾನುವಾರ ಬೆಳಗು ಎಂಬುದನ್ನು ನೆರೆಯವರು ತಾವೇ ಕುಳಿತು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಸಂಹಿತೆಯಲ್ಲಿ ಅದಕ್ಕೆ ವಿಧಿಯಿಲ್ಲ.