ಕಸ ಸಂಗ್ರಹ ವಾಹನಗಳ ರಿವರ್ಸ್ ದೀಪ: ಸುಧಾರಣೆಗೆ ಮುನ್ನ ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಗಳ ಕಸ ಸಂಗ್ರಹ ವಾಹನಗಳು ಬೆಳಗಿನ ಜಾವದಲ್ಲೇ ಕೆಲಸ ಆರಂಭಿಸುವುದು ರೂಢಿ. ತಿರುಗಿಸಲು ಸ್ಥಳವಿಲ್ಲದ ಓಣಿಗಳಲ್ಲಿ ವಾಹನವು ಹೋದ ದಾರಿಯಲ್ಲೇ ಹಿಂದಕ್ಕೆ ಬರಬೇಕಾಗುತ್ತದೆ. ಘನತ್ಯಾಜ್ಯ ವಿಲೇವಾರಿ ಘಟಕವು ಸಾಮಾನ್ಯವಾಗಿ ಊರಿನ ಹೊರಗೆ, ಬೀದಿದೀಪವಿಲ್ಲದ ಮಣ್ಣಿನ ದಾರಿಯ ಕೊನೆಯಲ್ಲಿರುತ್ತದೆ. ಅಲ್ಲಿಯೂ ತೊಟ್ಟಿಯನ್ನು ಸುರಿಯಲು ವಾಹನ ಹಿಂದಕ್ಕೇ ಚಲಿಸಬೇಕು. ಎತ್ತರದ ತೊಟ್ಟಿ ಅಡ್ಡವಾಗುವುದರಿಂದ ಒಳಗಿನ ಕನ್ನಡಿ ನಿರುಪಯುಕ್ತ. ಪಕ್ಕದ ಎರಡು ಕನ್ನಡಿಗಳಲ್ಲಿ ವಾಹನದ ನೇರ ಹಿಂಭಾಗ ಕಾಣುವುದಿಲ್ಲ. ಕಸ ತುಂಬುವ ಸಹಾಯಕರು ನಿಲ್ಲುವುದು ಮಾತ್ರ ಆ ಜಾಗದಲ್ಲಿಯೇ. ಬಕೆಟ್ ಹಿಡಿದು ಓಡಿಬರುವ ಮಕ್ಕಳೂ ಅಲ್ಲಿಗೇ ಬರುತ್ತಾರೆ.

ಹಲವು ವಾಹನಗಳಲ್ಲಿ ತಯಾರಕರು ಅಳವಡಿಸಿರುವ ರಿವರ್ಸ್ ದೀಪವು 12 ವೋಲ್ಟ್, 21 ವ್ಯಾಟ್‌ನ ಸಾಮಾನ್ಯ ತಂತು ಬಲ್ಬ್. ಇದರ ಬೆಳಕು ಸುಮಾರು 460 ಲ್ಯೂಮೆನ್. ವಾಹನ ಹಿಂದಕ್ಕೆ ಬರುತ್ತಿದೆ ಎಂದು ಇತರರಿಗೆ ತಿಳಿಸಲು ಇಷ್ಟು ಸಾಕು. ಚಾಲಕಿಗೆ ನೆಲ ಕಾಣಿಸಲು ಸಾಲದು. ಮುಂಭಾಗದ 55 ವ್ಯಾಟ್ ಹೆಡ್‌ಲೈಟಿನ ಪ್ರಕಾಶಕ್ಕೆ ಹೊಂದಿಕೊಂಡ ಕಣ್ಣಿಗೆ ಹಿಂಬದಿಯ ಕತ್ತಲು ಇನ್ನಷ್ಟು ಗಾಢವಾಗಿ ತೋರುತ್ತದೆ. ದೀಪದ ಗಾಜಿನ ಮೇಲೆ ಕೆಸರು ಕೂತಿದ್ದರೆ ಕೇಳುವುದೇ ಬೇಡ.

ಹೊಸ ದೀಪಕ್ಕೆ ದರಪಟ್ಟಿ ಕರೆಯುವ ಮುನ್ನ ಇರುವ ತಂತಿಯನ್ನು ಪರೀಕ್ಷಿಸುವುದು ಒಳಿತು. ಎರಡು 21 ವ್ಯಾಟ್ ಬಲ್ಬ್‌ಗಳು ಒಟ್ಟಾಗಿ ಸುಮಾರು 3.5 ಆಂಪಿಯರ್ ಎಳೆಯುತ್ತವೆ. ತಂತಿಯು 0.5 ಚದರ ಮಿಲಿಮೀಟರಿನಷ್ಟು ತೆಳುವಾಗಿದ್ದು 8 ಮೀಟರ್ ಉದ್ದವಿದ್ದರೆ ದಾರಿಯಲ್ಲೇ ಸುಮಾರು 1 ವೋಲ್ಟ್ ನಷ್ಟವಾಗುತ್ತದೆ. ನಷ್ಟ ಅಲ್ಪವೆನಿಸಬಹುದು. ಆದರೆ ತಂತು ಬಲ್ಬಿಗೆ 12ರ ಬದಲು 11 ವೋಲ್ಟ್ ದೊರೆತರೆ ಬೆಳಕು ಸುಮಾರು ಕಾಲು ಭಾಗ ಕುಗ್ಗುತ್ತದೆ. ಕಸ ವಾಹನಗಳಲ್ಲಿ ಇದಕ್ಕಿಂತ ದೊಡ್ಡ ಶತ್ರು ಹಸಿ ಕಸದಿಂದ ಸೋರುವ ನೀರು. ಅದು ಚಾಸಿಸ್‌ಗೆ ಬಿಗಿದ ಅರ್ತ್ ತಂತಿಯ ಬೋಲ್ಟನ್ನು ತುಕ್ಕು ಹಿಡಿಸಿ ಸಂಪರ್ಕವನ್ನೇ ಸಡಿಲಗೊಳಿಸುತ್ತದೆ. ಆ ಬೋಲ್ಟನ್ನು ಉಜ್ಜಿ, ಗ್ರೀಸ್ ಸವರಿ ಮರಳಿ ಬಿಗಿಯುವ ಕೆಲಸಕ್ಕೆ ಅನುದಾನ ಬೇಕಿಲ್ಲ.

ಅನಂತರವೂ ಬೆಳಕು ಸಾಲದಿದ್ದರೆ ಎಲ್‌ಇಡಿ ದೀಪಗಳನ್ನು ಪರಿಗಣಿಸಬಹುದು. ಉತ್ತಮ ಎಲ್‌ಇಡಿ ಅಷ್ಟೇ ವಿದ್ಯುತ್ತಿನಲ್ಲಿ ತಂತು ಬಲ್ಬಿನ ಮೂರು-ನಾಲ್ಕು ಪಟ್ಟು ಬೆಳಕು ಕೊಡುತ್ತದೆ. ಅಂಗಡಿಗಳಲ್ಲಿ ಇವುಗಳನ್ನು ವ್ಯಾಟ್ ಮತ್ತು ಬೆಳಕು ತಲಪುವ ದೂರ ಹೇಳಿ ಮಾರುವುದುಂಟು. ರಿವರ್ಸ್ ಕೆಲಸಕ್ಕೆ ದೂರದ ಲೆಕ್ಕ ಬಹುಪಾಲು ಅನಗತ್ಯ. ಗಂಟೆಗೆ 5 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲಿ ಎರಡು ಮೀಟರ್ ಕಳೆದಿರುತ್ತದೆ. ಒದ್ದೆ ಮಣ್ಣಿನಲ್ಲಿ ನಿಲ್ಲಲು ಇನ್ನಷ್ಟು ಬೇಕು. ಆದ್ದರಿಂದ ವಾಹನಕ್ಕೆ ತಾಗಿದಂತೆ ಆರಂಭವಾಗಿ ಏಳೆಂಟು ಮೀಟರಿನವರೆಗೆ, ಎರಡೂ ಚಕ್ರಗಳ ಆಚೆಗೆ ಅಗಲವಾಗಿ ಹರಡುವ ಬೆಳಕು ಬೇಕು. ಖರೀದಿಯಲ್ಲಿ ‘ಫ್ಲಡ್’ ಮಾದರಿ ಎಂದು ಸ್ಪಷ್ಟವಾಗಿ ನಮೂದಿಸಬೇಕು. ‘ಸ್ಪಾಟ್’ ಮಾದರಿ ಬೇಡ. ನೀಲಿ ಛಾಯೆಯ 6500 ಕೆಲ್ವಿನ್ ಬೆಳಕು ಮಲೆನಾಡಿನ ಮಂಜಿನಲ್ಲಿಯೂ ಬಯಲುಸೀಮೆಯ ಧೂಳಿನಲ್ಲಿಯೂ ಕಣ್ಣು ಕುಕ್ಕುತ್ತದೆ. 4000ರಿಂದ 5000 ಕೆಲ್ವಿನ್ ಸೂಕ್ತ. ಧೂಳು ಮತ್ತು ನೀರಿನಿಂದ ರಕ್ಷಣೆಗೆ ಐಪಿ 67 ದರ್ಜೆಯಿರಲಿ.

ಹೆಚ್ಚಿನ ತಪ್ಪು ನಡೆಯುವುದು ಸಂಪರ್ಕ ಕೊಡುವಲ್ಲಿ. ಹಳೆಯ ರಿವರ್ಸ್ ದೀಪದ ತಂತಿಗೇ ಹೊಸ ದೀಪಗಳನ್ನೂ ಸೇರಿಸಿ ಸುತ್ತಿ ಬಿಡುವುದು ಸುಲಭದ ದಾರಿ. ಆಗ ಗೇರ್ ಬಾಕ್ಸ್‌ನಲ್ಲಿರುವ ಚಿಕ್ಕ ಸ್ವಿಚ್ ತನ್ನ ಮಿತಿಗಿಂತ ಹೆಚ್ಚಿನ ವಿದ್ಯುತ್ ಹೊತ್ತು ಕೆಲ ತಿಂಗಳಲ್ಲಿ ಸುಟ್ಟುಹೋಗಬಹುದು, ಮತ್ತು ಆಗ ಹಳೆಯ ದೀಪವೂ ಇಲ್ಲ. ಸರಿಯಾದ ಕ್ರಮದಲ್ಲಿ ನಡುವೆ ಒಂದು ರಿಲೇ ಇರುತ್ತದೆ. ಹಳೆಯ ದೀಪದ ತಂತಿಯು ರಿಲೇಯನ್ನು ಎಚ್ಚರಿಸುವ ಕೆಲಸವನ್ನಷ್ಟೇ ಮಾಡುತ್ತದೆ. ದೀಪಗಳಿಗೆ ವಿದ್ಯುತ್ತು ಬ್ಯಾಟರಿಯಿಂದ ಫ್ಯೂಸ್ ಹಾಗೂ ರಿಲೇಯ ಮೂಲಕ ಬೇರೆ ತಂತಿಯಲ್ಲಿ ಬರುತ್ತದೆ. ತಲಾ 18 ವ್ಯಾಟ್‌ನ ಎರಡು ದೀಪಗಳಿಗೆ 3 ಆಂಪಿಯರ್ ಸಾಕಾಗುವುದರಿಂದ 5 ಆಂಪಿಯರ್ ಫ್ಯೂಸ್ ಮತ್ತು 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಧಾರಾಳ. ಫ್ಯೂಸ್ ಇರಬೇಕಾದುದು ಬ್ಯಾಟರಿಯ ಸಮೀಪದಲ್ಲಿ. ದೀಪದ ಬಳಿ ಇಟ್ಟರೆ ನಡುವಿನ ತಂತಿಗೆ ರಕ್ಷಣೆಯಿಲ್ಲ. ವಿದ್ಯುತ್ ಚಾಲಿತ ಆಟೊಗಳಲ್ಲಿ ಮುಖ್ಯ ಬ್ಯಾಟರಿಯ ವೋಲ್ಟೇಜ್ ಬೇರೆಯಾಗಿರುವುದರಿಂದ ತಯಾರಕರ ಸೇವಾ ಕೇಂದ್ರದ ಹೊರತು ಯಾರೂ ತಂತಿ ಕತ್ತರಿಸಬಾರದು. ವಾರಂಟಿ ಅವಧಿಯಲ್ಲಿರುವ ಇತರ ವಾಹನಗಳಿಗೂ ಸೇವಾ ಕೇಂದ್ರದ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ.

ರಿಲೇಯಿಂದ ಇನ್ನೊಂದು ಪ್ರಯೋಜನವಿದೆ. ಗೇರ್ ರಿವರ್ಸ್‌ಗೆ ಬಿದ್ದಾಗ ಮಾತ್ರ ದೀಪ ಹೊತ್ತುತ್ತದೆ, ಗೇರ್ ಬದಲಾದೊಡನೆ ಆರುತ್ತದೆ. ಕಸ ತುಂಬುವಾಗಲೂ ಬೆಳಕಿರಲಿ ಎಂದು ಪ್ರತ್ಯೇಕ ಸ್ವಿಚ್ ಹಾಕಿಸುವ ಬೇಡಿಕೆ ಬರುವುದುಂಟು. ಆ ಸ್ವಿಚ್ಚನ್ನು ಆರಿಸಲು ಮರೆತು ರಸ್ತೆಗಿಳಿದರೆ ಹಿಂದಿನ ವಾಹನದವರಿಗೆ ಕಣ್ಣು ಕೋರೈಸುತ್ತದೆ. ಬಿಳಿ ಬೆಳಕನ್ನು ಕಂಡು ಎದುರಿನಿಂದ ವಾಹನ ಬರುತ್ತಿದೆ ಎಂದೂ ಅವರು ಭಾವಿಸಬಹುದು. ಬೇಡಿಕೆ ನ್ಯಾಯವಾದುದೇ. ಅದಕ್ಕೆ ತೊಟ್ಟಿಯ ಒಳಮುಖಕ್ಕೆ ಬೇರೆ ಸಣ್ಣ ದೀಪ ಕೊಡಬೇಕು, ರಿವರ್ಸ್ ದೀಪವನ್ನಲ್ಲ. ಮೋಟಾರು ವಾಹನ ಅಧಿನಿಯಮ 1988ರ 52ನೇ ಪ್ರಕರಣವು ವಾಹನಗಳ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಆದ್ದರಿಂದ ದೀಪ ಸೇರಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಉತ್ತರವನ್ನು ಕಡತದಲ್ಲಿರಿಸಬೇಕು.

ದೀಪಗಳನ್ನು ಚಾಸಿಸ್‌ನ ಹಿಂದಿನ ಅಡ್ಡಪಟ್ಟಿಗೆ, ನೆಲದತ್ತ ತುಸು ಬಾಗಿಸಿ ಕೂರಿಸುವುದು ಲೇಸು. ಮೇಲೇಳುವ ತೊಟ್ಟಿಗೆ ಬಿಗಿದರೆ ಪ್ರತಿ ಸಲ ಸುರಿಯುವಾಗಲೂ ತಂತಿ ಮಡಿಸಿ ತುಂಡಾಗುತ್ತದೆ.

ಪಂಚಾಯಿತಿಯ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರಿನ ಸ್ಥಿತಿ ಇನ್ನೂ ಕಠಿಣ. ಟ್ರ್ಯಾಕ್ಟರಿನ ಹಿಂದಿರುವ ದೀಪವು ಹೊಲ ಉಳುವಾಗ ನೇಗಿಲ ಸಾಲು ಕಾಣಲೆಂದು ಇರುವಂಥದು. ಟ್ಯಾಂಕರ್ ಜೋಡಿಸಿದರೆ ಅದರ ಬೆಳಕು ಟ್ಯಾಂಕರಿನ ಮುಖಕ್ಕೇ ಬೀಳುತ್ತದೆ. ರಿವರ್ಸ್ ದೀಪವನ್ನು ಟ್ಯಾಂಕರಿನ ಹಿಂತುದಿಗೇ ಅಳವಡಿಸಿ, ಕಳಚಬಲ್ಲ ಪ್ಲಗ್ ಮೂಲಕ ಸಂಪರ್ಕಿಸಬೇಕು. ಗೇರ್ ಬಾಕ್ಸ್‌ನಲ್ಲಿ ರಿವರ್ಸ್ ಸ್ವಿಚ್ ಇಲ್ಲದ ಟ್ರ್ಯಾಕ್ಟರುಗಳಿಗೆ ಕೈಸ್ವಿಚ್ ಅನಿವಾರ್ಯ. ಅಂಥಲ್ಲಿ ದೀಪ ಉರಿಯುತ್ತಿದೆಯೆಂದು ತೋರುವ ಕೆಂಪು ಸೂಚಕವು ಚಾಲಕರ ಕಣ್ಣೆದುರಿಗೇ ಇರಬೇಕು.

ವಾಹನವನ್ನು ಸ್ವಸಹಾಯ ಸಂಘಗಳ ಒಕ್ಕೂಟವು ನಿರ್ವಹಿಸುತ್ತಿದ್ದಲ್ಲಿ ದುರಸ್ತಿ ವೆಚ್ಚ ಯಾರದೆಂಬುದನ್ನು ಒಪ್ಪಂದದಲ್ಲಿ ನೋಡಿಕೊಂಡು ಸಾಮಾನ್ಯ ಸಭೆಯ ಮುಂದೆ ವಿಷಯ ಮಂಡಿಸಬೇಕು. ಕೆಲಸ ಮುಗಿದ ಮೇಲೆ ಬಿಲ್ಲನ್ನು ಹಗಲಿನ ಪರಿಶೀಲನೆಯಿಂದ ಅಂಗೀಕರಿಸುವುದು ವ್ಯರ್ಥ. ಕತ್ತಲಾದ ಮೇಲೆ ಸಮತಟ್ಟಾದ ಜಾಗದಲ್ಲಿ ವಾಹನ ನಿಲ್ಲಿಸಿ, ಹಿಂದಿನ ಎರಡೂ ಮೂಲೆಗಳಿಂದ ಮೂರು ಮತ್ತು ಆರು ಮೀಟರ್ ದೂರದಲ್ಲಿ, ಕನ್ನಡಿಗಳ ನೋಟಕ್ಕೆ ಸಿಗುವಂತೆ, ಗೋಣಿಚೀಲಗಳನ್ನಿಡಬೇಕು. ವಾಹನ ಓಡಿಸುವ ಚಾಲಕಿಯೇ ಆಸನದಲ್ಲಿ ಕುಳಿತು ಅವು ಕಾಣುತ್ತವೆಯೇ ಎಂದು ಹೇಳಲಿ. ನೇರ ಹಿಂಭಾಗದ ನೆಲ ಆಗಲೂ ಕನ್ನಡಿಗೆ ಸಿಗುವುದಿಲ್ಲ. ಎಷ್ಟೇ ಬೆಳಕಿದ್ದರೂ ಸಹಾಯಕರು ಚಾಲಕಿಯ ಕನ್ನಡಿಗೆ ಕಾಣುವಂತೆ ಪಕ್ಕದಲ್ಲಿ ನಿಂತು ಸನ್ನೆ ಮಾಡುವ ಪದ್ಧತಿ ತಪ್ಪಬಾರದು. ದೀಪದ ಗಾಜು ಒರೆಸಿದ ಹಾಗೂ ಉರಿಯುವುದನ್ನು ನೋಡಿದ ವಿವರವನ್ನು ಪ್ರತಿ ಸೋಮವಾರ ವಾಹನದ ಲಾಗ್‌ಪುಸ್ತಕದಲ್ಲಿ ಬರೆದು ಚಾಲಕಿಯ ಸಹಿ ಪಡೆಯತಕ್ಕದ್ದು.