ಹಾಡಲು ಬಾಯುಂಟು, ಉತ್ತರಕ್ಕಿಲ್ಲ
ಘಾಟಬೋರಾಳದಂಥ ಊರಿನಲ್ಲಿ ಒಡೆದ ಭಜನಾ ಮೇಳವು ಮತ್ತೆ ಕೂಡಿದರೆ, ತಾಳ ಬೀಳುವ ಮೊದಲೇ ಕಟ್ಟೆಯ ಹಿರಿಯರು ಕಾರಣ ಕೇಳುವರು. ಅಮೇರಿಕೆಯ ‘ಗನ್ಸ್ ಎನ್ ರೋಜಸ್’ ಎಂಬ ರಾಕ್ ಮೇಳಕ್ಕೆ ಅಂಥ ಕಟ್ಟೆಯಿಲ್ಲ. 1996 ರಲ್ಲಿ ಮೇಳ ಬಿಟ್ಟಿದ್ದ ಗಿಟಾರ್ ವಾದಕ ಸ್ಲ್ಯಾಶ್ ಅವರು 2016 ರಲ್ಲಿ ಗಾಯಕ ಆಕ್ಸೆಲ್ ರೋಜರೊಡನೆ ಮರಳಿ ವೇದಿಕೆಯನ್ನೇರಿದರು. 2019 ರ ವರೆಗೆ ನಡೆದ ಆ ಪ್ರವಾಸದ ಟಿಕೇಟಿನ ಉತ್ಪನ್ನವು 50 ಕೋಟಿ ಡಾಲರನ್ನು ಮೀರಿತು. ಅವರಿಬ್ಬರೂ ಕೂಡಿ ಪತ್ರಕರ್ತರೆದುರು ಕುಳಿತದ್ದು ಮಾತ್ರ ಬಲು ವಿರಳ. ಗಳಿಕೆಯನ್ನು ಸಮನಾಗಿ ಹಂಚಲು ಅವರು ಒಪ್ಪಲಿಲ್ಲವೆಂದು ಮೇಳದ ಹಳೆಯ ಸದಸ್ಯ ಇಜ್ಜಿ ಸ್ಟ್ರ್ಯಾಡ್ಲಿನ್ 2016 ರಲ್ಲಿಯೇ ಬಹಿರಂಗವಾಗಿ ದೂರಿದ್ದರು. ಕಲಾವಿದರ ಮನೆವಾರ್ತೆ ನಮಗೆ ಬೇಡ; ಆದರೆ ಇದನ್ನು ಕೇಳುವದು ಪತ್ರಿಕೆಗಳ ಕರ್ತವ್ಯವೆಂದೇ ನಾವು ಭಾವಿಸುವೆವು. 2012 ರಲ್ಲಿ, ಸ್ಲ್ಯಾಶ್ ಇಲ್ಲದೆ ಇದೇ ಹೆಸರಿನಿಂದ ಬಂದ ಮೇಳಕ್ಕೆ ಹಣ ತೆತ್ತ ಬೆಂಗಳೂರಿಗರಿಗೂ ಆ ಉತ್ತರವು ಸಲ್ಲತಕ್ಕದ್ದು.