ದಾದಿಯರ ವಿದ್ಯೆಗೆ ವಿಶ್ವವಿದ್ಯಾನಿಲಯದ ಬಾಗಿಲು

ಚರ್ಚ್‌ಗೇಟಿನಲ್ಲಿ ಗಾಡಿ ಇಳಿದು ನ್ಯೂ ಮರೀನ್ ಲೈನ್ಸ್ ಕಡೆಗೆ ಕೆಲಸಕ್ಕೆ ನಡೆಯುವ ನಮ್ಮ ಬಂಧುಗಳಿಗೆ ಎಸ್. ಎನ್. ಡಿ. ಟಿ. ಮಹಿಳಾ ವಿಶ್ವವಿದ್ಯಾನಿಲಯ ಹೊಸತಲ್ಲ. ಅದು 1964ರಿಂದ ಲೀಲಾಬಾಯಿ ಠಾಕರಸಿ ಹೆಸರಿನ ನರ್ಸಿಂಗ್ ಕಾಲೇಜೊಂದನ್ನು ನಡೆಸಿಕೊಂಡು ಬಂದಿದೆಯೆಂಬುದು ಮಾತ್ರ ಹಲವರಿಗೆ ತಿಳಿಯದು. ಹೆಣ್ಣುಮಕ್ಕಳ ಮುಂದಿನ ದಾರಿಯನ್ನು ಯೋಚಿಸುವ ತಂದೆತಾಯಿಗಳು ಅದರ ಹಿನ್ನೆಲೆಯನ್ನು ಅರಿತಿರುವುದು ಒಳ್ಳೆಯದು.

ಮೊದಲು ಈ ವಿದ್ಯೆಯನ್ನು ಕಲಿಸುತ್ತಿದ್ದವು ಆಸ್ಪತ್ರೆಗಳೇ. ಹುಡುಗಿ ವಾರ್ಡಿನಲ್ಲಿ ದುಡಿಯಬೇಕು, ದುಡಿಯುತ್ತಲೇ ಕಲಿಯಬೇಕು. ಊಟ, ವಸತಿ, ಅಲ್ಪ ಭತ್ಯೆ ದೊರೆಯುತ್ತಿದ್ದುದರಿಂದ ಬಡ ಮನೆಗಳಿಗೆ ಇದು ಉಪಕಾರವೇ ಆಯಿತು. ಆದರೆ ರೋಗಿಗಳು ಹೆಚ್ಚಿ ಕೈಗಳು ಸಾಲದಾದಾಗ ಪಾಠವೇ ಹಿಂದೆ ಬೀಳುವುದು ಸಹಜ. ಅವಳು ಮೊದಲು ಕೆಲಸದಾಕೆ, ಅನಂತರ ವಿದ್ಯಾರ್ಥಿನಿ.

ದೇಶದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯು 1946ರಲ್ಲಿ ವರದಿ ಕೊಟ್ಟಿತು. ಆಗ 6,300 ಜನರಿಗೆ ಒಬ್ಬ ವೈದ್ಯನಿದ್ದರೆ, 43,000 ಜನರಿಗೆ ಒಬ್ಬಳೇ ನರ್ಸ್! ಅದೇ ವರ್ಷ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗ್‌ನಲ್ಲಿ ಪದವಿ ಶಿಕ್ಷಣ ಆರಂಭವಾಯಿತು. 1947ರ ಕಾನೂನಿನಿಂದ ಭಾರತೀಯ ನರ್ಸಿಂಗ್ ಕೌನ್ಸಿಲ್‌ಗೆ ಆಧಾರ ದೊರೆತು, ಶಿಕ್ಷಣಕ್ಕೆ ದೇಶವ್ಯಾಪಿ ಅಳತೆಗೋಲು ಬಂದಿತು.

ಮುಂಬಯಿಯಲ್ಲಿ ಈ ಕಾರ್ಯವನ್ನು ಮಹಿಳಾ ವಿಶ್ವವಿದ್ಯಾನಿಲಯವೊಂದು ಕೈಗೊಂಡುದು ಯೋಗ್ಯವೇ ಆಯಿತು. ವಿಧವೆಯರಿಗೆ ಆಶ್ರಯವನ್ನೂ ವಿದ್ಯೆಯನ್ನೂ ಕೊಡಲು ದುಡಿದ ಮಹರ್ಷಿ ಧೋಂಡೋ ಕೇಶವ ಕರ್ವೆಯವರು 1916ರಲ್ಲಿ ಪುಣೆಯಲ್ಲಿ ಅದನ್ನು ಸ್ಥಾಪಿಸಿದರು. ಸರ್ ವಿಠಲದಾಸ ಠಾಕರಸಿಯವರು 15 ಲಕ್ಷ ರೂಪಾಯಿಗಳ ದಾನ ನೀಡಿದುದರಿಂದ ಅವರ ತಾಯಿ ನಾಥೀಬಾಯಿಯವರ ಹೆಸರು ಅದಕ್ಕೆ ಬಂದಿತು. 1936ರಲ್ಲಿ ಕೇಂದ್ರವು ಮುಂಬಯಿಗೆ ಬಂದಿತು. 1951ರಲ್ಲಿ ಶಾಸನದ ಮಾನ್ಯತೆಯೂ ದೊರೆಯಿತು. ಕರ್ವೆಯವರು 1962ರಲ್ಲಿ ತೀರಿಕೊಂಡರು. ಎರಡು ವರ್ಷಗಳ ಮೇಲೆ ನರ್ಸಿಂಗ್ ಕಾಲೇಜು ತೆರೆಯಿತು.

ಇದರಿಂದ ಆದ ಬದಲಾವಣೆಯೇನು? ಪದವಿಗೆ ಓದುವವಳು ಶರೀರಶಾಸ್ತ್ರ, ಪೌಷ್ಟಿಕ ಆಹಾರ, ಮನಶ್ಶಾಸ್ತ್ರ, ಸಮಾಜದ ಆರೋಗ್ಯ ಮುಂತಾದುವನ್ನು ಕ್ರಮವಾಗಿ ಕಲಿಯುತ್ತಾಳೆ. ವಾರ್ಡಿನ ಕೆಲಸ ತಪ್ಪುವುದಿಲ್ಲ, ತಪ್ಪಲೂ ಬಾರದು. ಆದರೆ ಅಲ್ಲಿ ಅವಳು ಕಲಿಯಲೆಂದು ನಿಲ್ಲುತ್ತಾಳೆ, ಕೊರತೆ ತುಂಬಲೆಂದಲ್ಲ. ಮುಂದೆ ಅಧ್ಯಾಪಕಿಯಾಗಲೂ ಆಸ್ಪತ್ರೆಯ ಆಡಳಿತ ನಡೆಸಲೂ ದಾರಿಯಿದೆ.

“ದಾದಿಯ ಕೆಲಸವೇ?” ಎಂದು ಮೂಗು ಮುರಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಮನೆಯವರು ಕಾಯಿಲೆ ಬಿದ್ದಾಗ ರಾತ್ರಿಯೆಲ್ಲ ಎಚ್ಚರವಿದ್ದು ನಾಡಿ ನೋಡುವವಳು ಯಾರ ಮಗಳು? ಅವಳು ತಿಳಿದು ಮಾಡಿದರೆ ರೋಗಿ ಉಳಿದಾನು. ಈ ವಿದ್ಯೆಗೆ ವಿಶ್ವವಿದ್ಯಾನಿಲಯ ಬೇಕಾದುದು ಅದಕ್ಕಾಗಿಯೇ.

ಕೊನೆಯದಾಗಿ ಎರಡು ಮಾತು. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ್ದು; ಹನ್ನೆರಡನೆಯ ತರಗತಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳ ಜೊತೆಗೆ ಇಂಗ್ಲಿಷೂ ಇರಬೇಕು. ಡಿಪ್ಲೊಮಾ ಮೂರು ವರ್ಷದ್ದು. ಅದನ್ನು ಮುಗಿಸಿ ನೋಂದಣಿ ಪಡೆದವರು ಮತ್ತೆ ಎರಡು ವರ್ಷ ಓದಿ ಪದವಿ ಪಡೆಯಬಹುದು. ಸೊಸೈಟಿಯಿಂದ ಸಾಲ ತೆಗೆದು ಫೀಸು ಕಟ್ಟುವ ಮೊದಲು, ಆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ತಪ್ಪದೆ ವಿಚಾರಿಸಿರಿ. ಮಾನ್ಯತೆಯಿಲ್ಲದ ಸರ್ಟಿಫಿಕೇಟಿನಿಂದ ನೋಂದಣಿ ಆಗದು. ನೋಂದಣಿಯಿಲ್ಲದೆ ಒಳ್ಳೆಯ ಕೆಲಸವೂ ದೊರೆಯದು.